ಅಮ್ಮಾಜಮ್ಮನ ಹೊಸ ಚಂದ್ರಿಕೆ

ಆಷಾಢದ ಗಾಳಿ ಹಿಪ್ಪುನೇರಳೆ ತೋಟವನ್ನು ಹಿಡಿದು ಕುಲುಕುತ್ತಿತ್ತು. ಅಮ್ಮಾಜಮ್ಮನ ಹುಳದ ಮನೆಯಲ್ಲಿ ರೇಷ್ಮೆಹುಳಗಳೆಲ್ಲ ಒಟ್ಟಿಗೇ ಹಣ್ಣಾಗಿ, ಗೂಡು ಕಟ್ಟಲು ಜಾಗ ಸಿಗದೆ ತಲೆ ಎತ್ತಿ ಆಡಿಸುತ್ತಿದ್ದವು. ಪಕ್ಕದ ಮನೆಯ ಕೋನಪ್ಪ ಬೆಳಗಿನಿಂದ ಮುಯ್ಯಾಳಾಗಿ ಬಂದು, ಹುಳ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡುತ್ತಿದ್ದ. ಅವನ ಮನೆಯ ಹುಳ ಹಣ್ಣಾದಾಗ ಇವರ ಮನೆಯಿಂದಲೂ ಒಂದಾಳು ಹೋಗಬೇಕು.

ಇನ್ನಷ್ಟು ಚಂದ್ರಿಕೆ ತರಲು ಶಿಡ್ಲಘಟ್ಟಕ್ಕೆ ಹೋಗಿದ್ದ ಮಗ ಚನ್ನಕೇಶವ ಬಂದು ನೋಡಿದರೆ, ನಡುಮನೆಯ ಮೊಳೆಯಲ್ಲಿದ್ದ ಅವನ ಗಿಟಾರು ಅಮ್ಮನ ತೊಡೆಯ ಮೇಲಿತ್ತು. ಅಮ್ಮಾಜಮ್ಮ ಅದರ ಎದೆಯ ಸೀಳಿನೊಳಕ್ಕೆ ಒಂದೊಂದೇ ಹುಳ ಇಳಿಬಿಡುತ್ತಿದ್ದಳು.

"ಅಮ್ಮಾ! ಏನ್ ಮಾಡ್ತಿದ್ದೀಯ?"

"ಚಂದ್ರಿಕೆ ಸಾಲಲಿಲ್ಲ ಕಣೋ. ಇದ್ರೊಳಗೆ ಕತ್ತಲಿದೆ, ಗಾಳಿ ಆಡ್ತದೆ. ಹುಳಕ್ಕೆ ಇನ್ನೇನಪ್ಪ ಬೇಕು? ಎರಡು ಬಾಗಿಲು ಬೇರೆ ಇಟ್ಟವ್ನೆ ಪುಣ್ಯಾತ್ಮ."

ಜಾಝ್ ನುಡಿಸಲೆಂದೇ ಫೋನಿನಲ್ಲಿ ಹುಡುಕಿ ಹುಡುಕಿ ತರಿಸಿಕೊಂಡಿದ್ದ, ಎದೆ ಉಬ್ಬಿದ, ದುಂಡು ತೂತಿನ ಬದಲು ಎರಡು ಸೀಳುಗಳಿದ್ದ ಅಗ್ಗದ ಗಿಟಾರು ಅದು. ಫೋನಿನಲ್ಲಿ ಕೇಳುವ ಗಿಟಾರುಗಳು ಬೆಣ್ಣೆಯಂತೆ ನುಡಿದರೆ ಇದು ಡಬ್ಬ ಬಡಿದಂತೆ ಅರಚುತ್ತಿತ್ತು. ಆದರೂ ಅದೇ ಅವನ ಪ್ರಾಣ. ಕಿತ್ತುಕೊಂಡು ತಲೆಕೆಳಗು ಮಾಡಿ ಕೊಡವಿದ. ಒಂದೇ ಒಂದು ಹುಳ ಬಿತ್ತು. ಉಳಿದವು ಆಗಲೇ ನೂಲು ಬಿಟ್ಟು ಕಚ್ಚಿಕೊಂಡಿದ್ದವು.

ಗೂಡು ಬಿಡಿಸುವ ದಿನ ಅಮ್ಮಾಜಮ್ಮ ಮಚ್ಚು ಹಿಡಿದು ಬಂದಳು.

"ಕೊಡಿಲ್ಲಿ. ಮೇಲಿನ ಹಲಗೆ ಎಬ್ಬಿ ಗೂಡು ತಗೋತೀನಿ."

"ಹಲಗೆ ಎಬ್ಬಿದ್ರೆ ಇನ್ನೇನಮ್ಮ ಉಳೀತದೆ?"

"ನನ್ ಗೂಡು ಉಳೀತದೆ."

ಚನ್ನಕೇಶವ ಗಿಟಾರನ್ನು ಮಗುವಿನಂತೆ ಅವಚಿಕೊಂಡು, ಇದೇ ಕೊನೆಯೆಂದು ತಂತಿ ಮೀಟಿದ. ಗಿಟಾರು ಅರಚಲಿಲ್ಲ. ಕೌದಿಯೊಳಗಿಂದ ಯಾರೋ ಕರೆದಂತೆ, ಮೆತ್ತಗೆ, ದುಂಡಗೆ ನುಡಿಯಿತು. ಮತ್ತೆ ಮೀಟಿದ. ಅವನು ಇಷ್ಟು ದಿನ ತಂತಿ ಬದಲಿಸಿ ಬದಲಿಸಿ ಹುಡುಕಿದ್ದ ದನಿ ಅದೇ! ಒಳಗಿನ ರೇಷ್ಮೆ ಅರಚಾಟವನ್ನೆಲ್ಲ ನುಂಗಿಬಿಟ್ಟಿತ್ತು.

"ಅಮ್ಮಾ, ಈ ಗೂಡು ಇಲ್ಲೇ ಇರ್ಲಿ. ನೀ ಏನ್ ಹೇಳಿದ್ರೂ ಮಾಡ್ತೀನಿ."

"ಚಿಟ್ಟೆ ಆಗಿ ಗೂಡು ಕೊರ್ಕೊಂಡು ಹೊರಟೋಗ್ತವಲ್ಲೋ!"

"ಚಿಟ್ಟೆ ಹೋಗ್ಲಿ. ಗೂಡು ಇರ್ತದಲ್ಲ."

ಅಮ್ಮಾಜಮ್ಮ ಮಚ್ಚು ಇಳಿಸಿದಳು. "ಹಂಗಾದ್ರೆ ಮುಂದಿನ ಬೆಳೆಗೆ ಹುಳದ ಹಿಕ್ಕೆಯೆಲ್ಲ ನೀನೇ ಬಳೀಬೇಕು."

"ಬಳೀತೀನಿ."

ಬಾಗಿಲಲ್ಲಿ ಕೋನಪ್ಪ ಕೆಮ್ಮಿದ. "ನಾಳೆ ನಮ್ಮನೇಲಿ ಹುಳ ಹಣ್ಣಾಗ್ತವೆ ಕಣಪ್ಪ ಕೇಶವ. ಮುಯ್ಯಿ ತೀರಿಸ್ಬೇಕಲ್ಲ?"

"ಬೆಳಿಗ್ಗೇನೇ ಬರ್ತೀನಿ ಕೋನಪ್ಪಣ್ಣ."

ಕೋನಪ್ಪ ಹತ್ತಿರ ಬಂದು ಬಗ್ಗಿ, ಗಿಟಾರಿನ ಸೀಳಿಗೆ ಕಣ್ಣು ಹಚ್ಚಿ ಬಹಳ ಹೊತ್ತು ಒಳಗೆ ಇಣುಕಿದ.

"ನೀ ಬರ್ದಿದ್ರೂ ನಡೀತದೆ," ಎಂದ. "ಇದನ್ನ ಕಳಿಸು. ಒಳಗಿನ್ನೂ ಜಾಗ ಐತೆ."