ಕದ್ದ ಕಾಯಿಲೆ

ಜೈಲಿನ ದವಾಖಾನೆಯ ಬಾಗಿಲಲ್ಲಿ ಜೊತೆಯ ಕೈದಿ ಗುಬ್ಬಿ ಗೋಳಿಡುವುದನ್ನು ಕೇಳಿ ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು.

"ಹೊತ್ತಲ್ಲದ ಹೊತ್ತಲ್ಲಿ ರಕ್ತ ಹೋಗುತ್ತೆ ವಾರ್ಡರಮ್ಮಾ. ಸೊಂಟ ಸೀಳಿದ ಹಾಗಾಗುತ್ತೆ!"

ಅದು ತನ್ನ ನೋವು. ಅಕ್ಷರಕ್ಷರವೂ ತನ್ನದೇ. ಮೊನ್ನೆಯಷ್ಟೇ ಗುಬ್ಬಿ ಪಕ್ಕ ಕೂತು, "ಎಲ್ಲಿ ನೋಯುತ್ತೆ ಅಕ್ಕಾ? ಹೇಗೆ ನೋಯುತ್ತೆ?" ಎಂದು ಕೆದಕಿ ಕೆದಕಿ ಕೇಳಿದ್ದಳು. ಕಳ್ಳತನ ಮಾಡಿ ಒಳಗೆ ಬಂದವಳು. ಈಗ ಕಾಯಿಲೆಯನ್ನೂ ಕದ್ದಳು!

ವಾರ್ಡರಮ್ಮ ನಂಬಿ ಒಳಗೆ ಬಿಟ್ಟಳು.

ಟೈಲರಮ್ಮ ಜೈಲಿನ ಹೊಲಿಗೆ ಕೋಣೆಯ ಹಿರಿಯಳು. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಮತ್ತೆ ರಕ್ತ ಕಂಡಾಗ ಹೆದರಿ, ಇದೇ ವಾರ್ಡರಮ್ಮನಿಗೆ ಹೇಳಿಕೊಂಡಿದ್ದಳು. "ಕೆಲಸ ತಪ್ಪಿಸೋಕೆ ಈ ವಯಸ್ಸಲ್ಲಿ ನಾಟಕ ಬೇರೆ" ಎಂದು ಅವಳು ಎಲ್ಲರೆದುರು ನಕ್ಕಿದ್ದಳು. ಆಮೇಲೆ ಡಾಕ್ಟರಮ್ಮ ಎಷ್ಟು ಸಲ ಬಂದರೂ ಟೈಲರಮ್ಮನನ್ನು ಯಾರೂ ಕರೆಯಲಿಲ್ಲ. ಚಿಂದಿ ಬಟ್ಟೆ ಮಡಚಿಟ್ಟುಕೊಂಡು, ಹಲ್ಲು ಕಚ್ಚಿ ಮಿಷನ್ ತುಳಿಯುತ್ತಿದ್ದಳು.

ಗುಬ್ಬಿಗಾದರೋ ರಾಜೋಪಚಾರ! ಬಂದಾಗಲೆಲ್ಲ ಡಾಕ್ಟರಮ್ಮ ಅವಳನ್ನೇ ಮೊದಲು ಕರೆಯುತ್ತಿದ್ದರು. ಪರದೆ ಎಳೆದರೆ ಪಿಸುಪಿಸು ಮುಗಿಯುತ್ತಲೇ ಇರಲಿಲ್ಲ. ವಾಪಸು ಬರುವಾಗ ಕೈತುಂಬ ಪ್ಯಾಡು.

"ನಂಗೆ ಜಾಸ್ತಿಯಾಯ್ತು, ನೀನಿಟ್ಕೋ ಅಕ್ಕಾ."

"ನಿನ್ನ ಎಂಜಲು ನನಗ್ಯಾಕೆ?" ಟೈಲರಮ್ಮ ಪೊಟ್ಟಣವನ್ನು ಕಾಲಿನಿಂದ ತಳ್ಳಿದಳು.

ಒಂದು ಬೆಳಿಗ್ಗೆ ಗೇಟಿನ ಒಳಗೆ ಆಸ್ಪತ್ರೆಯ ಗಾಡಿ ಬಂದು ನಿಂತಿತು. ಡಾಕ್ಟರಮ್ಮನ ಪಕ್ಕ ಗುಬ್ಬಿ, ಮುಖವೆಲ್ಲ ನಗು. ದೊಡ್ಡಾಸ್ಪತ್ರೆ, ದಾರಿಯುದ್ದಕ್ಕೂ ಬೀದಿ, ಅಂಗಡಿ, ಜನ, ಎಲ್ಲ ಇವಳ ಪಾಲಿಗೆ! ಟೈಲರಮ್ಮ ಹೊಲಿಗೆ ಬಿಟ್ಟು ಓಡಿದಳು.

"ಅವಳಿಗೆ ಏನೂ ಆಗಿಲ್ಲ! ಗುಂಡುಕಲ್ಲಿನ ಹಾಗಿದಾಳೆ. ನನ್ನ ನೋವನ್ನ ತನ್ನದು ಅಂತ ಹೇಳಿ ಮೋಸ ಮಾಡಿದಾಳೆ!"

ವಾರ್ಡರಮ್ಮ ಗುಬ್ಬಿಯ ರಟ್ಟೆ ಹಿಡಿದಳು. "ನಿಜಾನೇನೇ?"

ಗುಬ್ಬಿ ತಲೆ ತಗ್ಗಿಸಿದಳು. "ನಿಜ."

ಟೈಲರಮ್ಮನ ಎದೆ ತಣ್ಣಗಾಯಿತು. ಈಗ ಗೊತ್ತಾಗಲಿ ಇವಳ ಬಂಡವಾಳ.

ಡಾಕ್ಟರಮ್ಮ ಮಾತ್ರ ಬೆಚ್ಚಲಿಲ್ಲ. ವಾರ್ಡರಮ್ಮನ ಕೈ ಬಿಡಿಸಿ, ಟೈಲರಮ್ಮನ ಹತ್ತಿರ ಬಂದರು.

"ಮೊದಲನೇ ದಿನ ಪರದೆ ಎಳೆದ ಕೂಡಲೇ ಅವಳೇ ನನಗೆ ಹೇಳಿದ್ಲು, ಇದು ನನ್ನದಲ್ಲ, ಅಕ್ಕಂದು ಅಂತ. ನಿಮ್ಮನ್ನ ದೊಡ್ಡಾಸ್ಪತ್ರೆಗೆ ಕರೆದೊಯ್ಯೋ ಅನುಮತಿ ಸಿಗೋಕೆ ಇಷ್ಟು ತಡವಾಯ್ತು. ಹತ್ತಿಕೊಳ್ಳಿ ಅಮ್ಮಾ, ಗಾಡಿ ಬಂದಿರೋದು ನಿಮಗೆ."