ಹೋಗಿ ಬರ್ತೇನಿ

ಇಂದುಮತಿಯ ಗಂಡ, ನಾಲ್ಕು ದಿನ ಸ್ಕೀಯಿಂಗ್ ಆಡಿ ಬರುತ್ತೇನೆಂದು ಹಿಮಾಲಯಕ್ಕೆ ಹೋದವನು, ಸಾಂಕ್ರಾಮಿಕ ರೋಗದಿಂದಾಗಿ ಅಲ್ಲೇ ಸಿಕ್ಕಿಬಿದ್ದು ಆರು ವರ್ಷವಾಗಿತ್ತು. ಈಗ ಮೇಲೆ ಹೋಗಲು ಮಾತ್ರ ಪರವಾನಗಿ ಸಿಗುತ್ತಿತ್ತು, ಹೋದವರು ಮರಳುವಂತಿರಲಿಲ್ಲ.

ಗಂಡನ ಬಳಿ ಹೊರಟ ಇಂದುಮತಿಗೆ ಹುಬ್ಬಳ್ಳಿ ನಿಲ್ದಾಣದ ಯಂತ್ರ, "ನಿಮ್ಮ ನಿರ್ಧಾರ ಹೇಳಿ" ಎಂದಿತು.

"ಹೋಗಿ ಬರ್ತೇನಿ."

ಕೆಂಪು ದೀಪ ಹತ್ತಿತು. "ಮರಳುವ ಉದ್ದೇಶ ಕಂಡುಬಂದಿದೆ. ಇನ್ನೊಂದೇ ಅವಕಾಶವಿದೆ."

ಹಾಳು ನಾಲಿಗೆ! ಹೊಸ್ತಿಲು ದಾಟುವಾಗ ಅದು ಬೇರೆ ಮಾತು ಕಲಿತದ್ದಾದರೂ ಎಲ್ಲಿ? ಪಕ್ಕದಲ್ಲಿ ಕಣ್ಣೊರೆಸುತ್ತ ನಿಂತ ಅವ್ವನನ್ನು ನೋಡದೆ, ಇಂದುಮತಿ ಹಲ್ಲು ಕಚ್ಚಿ "ಹೋಗ್ತೇನಿ" ಅಂದಳು. ಹುಟ್ಟಿದ ಮೇಲೆ ಮೊದಲ ಸಲ.

ಹಸಿರು ದೀಪ ಹತ್ತಿ ಬಾಗಿಲು ಸರಿಯತೊಡಗಿತು.

ಅವ್ವನಿಗೆ ದುಃಖ ತಡೆಯಲಾಗಲಿಲ್ಲ. ಬಾಯಿಗೆ ರೂಢಿಯಾದದ್ದೇ ಬಂತು: "ಹೋಗಿ ಬಾರವಾ, ಮಗಳ..."

ಯಂತ್ರ ಕೇಳಿಸಿಕೊಂಡಿತು. ಅರ್ಧ ತೆರೆದ ಬಾಗಿಲು ಅಲ್ಲೇ ನಿಂತು, ಮೆಲ್ಲಗೆ ಮುಚ್ಚಿಕೊಂಡಿತು.