ಬೇಡ ಅಂದ ರೈಫಲ್

ಮೋಹನ ಉದ್ದನೆಯ ಪೆಟ್ಟಿಗೆಯ ಮುಚ್ಚಳ ತೆಗೆದು ರೈಫಲಿನ ಹೊಸ ನಳಿಗೆಯನ್ನು ತೋರಿಸಿದಾಗ ನಿಶಿಓಕಾ ಸಾನ್ ಮೊಣಕಾಲ ಮೇಲಿನ ಕೈ ಎತ್ತಲಿಲ್ಲ. ಬಗ್ಗಿ ನೋಡಿ, “ಒಳ್ಳೆಯ ಆಯ್ಕೆ” ಎಂದರು, ಅಷ್ಟೆ.

“ಒಂದೇ ರೈಫಲ್, ಎರಡು ನಳಿಗೆ. ಹಳೆಯದು ಜಿಂಕೆಗೆ, ಇದು ಹಂದಿಗೆ,” ಕೋವಿ ಅಂಗಡಿಯವನು ಹೇಳಿದ್ದನ್ನೇ ಮೋಹನ ಜಪಾನಿ ಭಾಷೆಯಲ್ಲಿ ಗಿಳಿಪಾಠದಂತೆ ಒಪ್ಪಿಸಿದ. “ಎರಡನೇ ರೈಫಲ್ ಅಂದರೆ ಮತ್ತೆ ಪೊಲೀಸರು, ಮತ್ತೆ ಡಾಕ್ಟರ ಸರ್ಟಿಫಿಕೇಟು, ಮತ್ತೆ ಅಕ್ಕಪಕ್ಕದವರ ವಿಚಾರಣೆ. ನಳಿಗೆಯಾದರೆ ಇರುವ ಪರವಾನಗಿಯಲ್ಲೇ ಸೇರಿಹೋಗುತ್ತದೆ. ಯಾರ ಹಂಗೂ ಇಲ್ಲ.”

ಕೊನೆಯ ಮಾತಿನಲ್ಲಿದ್ದ ಮುನಿಸು ಪಕ್ಕದಲ್ಲಿ ಕೂತಿದ್ದ ಹೆಂಡತಿ ಹರ್ಷಿಣಿಗೆ ಮಾತ್ರ ಗೊತ್ತಾಯಿತು. ಅವಳು ಗಂಡನ ತೊಡೆಯನ್ನು ಮೆಲ್ಲಗೆ ಚಿವುಟಿದಳು.

ಮೊಟ್ಟೆಯನ್ನೂ ಒಡೆಯದ ಮನೆಯಲ್ಲಿ ಹುಟ್ಟಿದ ಈ ಮಹಾನುಭಾವ ಬೇಟೆಗಾರನಾದದ್ದು ಜಿಂಕೆಗಳ ಕೃಪೆಯಿಂದ. ಕ್ಯೋಟೋದಲ್ಲಿ ಅವನದು ಕಾಡು ಬೆಳೆಸುವ ಸಂಶೋಧನೆ. ಅವನು ನೆಟ್ಟ ಸಸಿಗಳನ್ನೆಲ್ಲ ಅವು ಕೋಸಂಬರಿಯ ಹಾಗೆ ತಿಂದು ಮುಗಿಸುತ್ತಿದ್ದವು. ಆಗ ಕೈಹಿಡಿದವರು ಬೆಟ್ಟದ ಹಳ್ಳಿಯ ಈ ಮುದುಕರು, ನಿಶಿಓಕಾ ಸಾನ್. ಹೆಜ್ಜೆಗುರುತು ಓದುವುದು, ಗಾಳಿ ನೋಡಿ ನಡೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಯಾವಾಗ ಗುಂಡು ಹಾರಿಸಬಾರದು ಎಂಬುದು, ಎಲ್ಲವನ್ನೂ ಕಲಿಸಿದವರು ಅವರೇ. ಬೆಂಗಳೂರಿನಲ್ಲಿರುವ ಅಮ್ಮನ ಪಾಲಿಗೆ ಮಗ ಇಂದಿಗೂ ಬೆಟ್ಟಕ್ಕೆ ಹೋಗುವುದು ಗಿಡ ನೋಡುವುದಕ್ಕೆ.

ಮುನಿಸು ಹುಟ್ಟಿದ್ದು ಕಳೆದ ಮೇ ತಿಂಗಳಲ್ಲಿ, ಇದೇ ಕೋಣೆಯಲ್ಲಿ. ನಿಶಿಓಕಾ ಸಾನ್ ತಮ್ಮ ರೈಫಲನ್ನು ಒರೆಸುತ್ತ, ಕಣ್ಣು ಮಂಜಾಗುತ್ತಿದೆ, ಈ ವರ್ಷ ಲೈಸೆನ್ಸ್ ಬಿಡುತ್ತೇನೆ ಎಂದು ಹೇಳಿ, “ಇದನ್ನು ನೀವು ಇಟ್ಟುಕೊಳ್ಳುತ್ತೀರಾ?” ಎಂದು ಕೇಳಿದ್ದರು. ಹಂದಿಯನ್ನು ಒಂದೇ ಗುಂಡಿಗೆ ಉರುಳಿಸುವ ರೈಫಲ್ ಅದು. ಬೇರೆಯವರ ಕೋವಿ ಮುಟ್ಟುವುದು ಅಲ್ಲಿ ಕಾನೂನಿಗೆ ವಿರುದ್ಧವಾದ್ದರಿಂದ ಇಷ್ಟು ವರ್ಷ ಮೋಹನ ಅದನ್ನು ದೂರದಿಂದಲೇ ಆಸೆಪಟ್ಟು ನೋಡಿದ್ದ. ಎದೆ ಕುಣಿಯಿತು. ಆದರೆ ಬಾಯಿಂದ ಬಂದದ್ದು, “ಛೆ ಛೆ, ಬೇಡ, ನನಗ್ಯಾಕೆ ಅಷ್ಟು ದೊಡ್ಡದು!”

“ಸುಮಿಮಾಸೆನ್, ತೊಂದರೆ ಕೊಟ್ಟೆ,” ಎಂದು ಮುದುಕರು ತಲೆಬಾಗಿದರು. ರೈಫಲ್ ಕಪಾಟಿಗೆ ಹೋಯಿತು.

ಅವತ್ತು ಕಾರಿನಲ್ಲಿ ಹರ್ಷಿಣಿ ತಲೆ ಚಚ್ಚಿಕೊಂಡಿದ್ದಳು. “ಅಲ್ರೀ, ಕನಸಲ್ಲೂ ಅದನ್ನೇ ಕನವರಿಸ್ತೀರ. ಕೊಡ್ತೀನಿ ಅಂದ್ರೆ ಬೇಡ ಅಂದ್ರಲ್ಲ?”

“ಇನ್ನೊಂದ್ಸಲ ಕೇಳ್ತಾರೆ ಬಿಡೆ. ಫಸ್ಟ್ ಟೈಮ್‌ಗೇ ಹೂಂ ಅಂದ್ರೆ ಆಸೆಬುರುಕ ಅಂದ್ಕೊಳ್ಳಲ್ವಾ?”

ಆಮೇಲೆ ಅಲ್ಲಿನ ಬೇಸಿಗೆಯುದ್ದಕ್ಕೂ ಮೋಹನ, ಮುದುಕರು ಇಬ್ಬರೂ ಒಟ್ಟಿಗೇ ಬೆಟ್ಟ ಹತ್ತಿದರು. ಮುದುಕರು ಹವಾಮಾನದ ಮಾತಾಡಿದರು, ಮೂಲಂಗಿ ಬೆಳೆಯ ಬಗ್ಗೆ ಮಾತಾಡಿದರು, ರೈಫಲ್ ಸುದ್ದಿ ಎತ್ತಲಿಲ್ಲ. ಬಾಯಿಮಾತಿಗೆ ಕೇಳಿದ್ದಿರಬೇಕು ಎಂದುಕೊಂಡು ಮೋಹನ ಒಳಗೊಳಗೇ ಊದಿಕೊಂಡ. ಇನ್ಯಾರದೋ ರೈಫಲ್ ಕೊಳ್ಳಲು ಮನಸ್ಸೊಪ್ಪದೆ ನಳಿಗೆ ತಂದ. ಅದನ್ನು ಇವರಿಗೇ ಮೊದಲು ತೋರಿಸಬೇಕೆಂಬ ಹಟದಲ್ಲಿ ಅಂಗಡಿಯಿಂದ ನೇರ ಇಲ್ಲಿಗೇ ಬಂದಿದ್ದ.

“ನಿಮ್ಮ ರೈಫಲ್ ಯಾರಿಗೆ ಕೊಟ್ಟಿರಿ?” ಕೊನೆಗೂ ಕೇಳಿಯೇಬಿಟ್ಟ.

ನಿಶಿಓಕಾ ಸಾನ್ ಎದ್ದು ಹೋಗಿ ಉಕ್ಕಿನ ಕಪಾಟಿನ ಎರಡೂ ಬೀಗ ತೆಗೆದು ಬಾಗಿಲನ್ನು ಅಗಲಿಸಿದರು. ಒಳಗೆ ಒರೆಸುವ ಬಟ್ಟೆಯೊಂದು ಬಿಟ್ಟರೆ ಏನೂ ಇರಲಿಲ್ಲ.

“ಯಾರಿಗೂ ಇಲ್ಲ. ಲೈಸೆನ್ಸ್ ಬಿಟ್ಟ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೋದ ವಾರ ಕತ್ತರಿಸಿ ಹಾಕಿಸಿದೆ.”

“ಅಯ್ಯೋ!” ಮೋಹನನ ಬಾಯಿಂದ ಕನ್ನಡವೇ ಬಂತು. ಆಮೇಲೆ ತಡವರಿಸುತ್ತ, “ನನಗೆ ಬೇಕಿತ್ತು, ನಿಶಿಓಕಾ ಸಾನ್. ಬಹಳ ಬೇಕಿತ್ತು.”

“ಬೇಡ ಅಂದಿರಲ್ಲ?”

ಹೇಗೆ ಹೇಳುವುದು? ಎಲೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಸಾಕು ಎನ್ನುವವನಿಗೇ ಇನ್ನೆರಡು ಹೋಳಿಗೆ ಬೀಳುವ ಊರಿನವನು ಅವನು. ಕೈ ಸರಿಸಿ ಬಡಿಸದಿದ್ದರೆ ಅದು ಉಪಚಾರವೇ ಅಲ್ಲ. ಜಪಾನಿಯಲ್ಲಿ ಒತ್ತಾಯಕ್ಕೆ ಒಳ್ಳೆಯ ಪದ ಸಿಗದೆ, ಕೈಯನ್ನೇ ಅಡ್ಡ ಹಿಡಿದು ತೋರಿಸಿ ಹೇಳಿದ: “ನಮ್ಮಲ್ಲಿ ಮೊದಲನೇ ಬೇಡಕ್ಕೆ ಬೆಲೆಯಿಲ್ಲ. ಎರಡನೇ ಸಲ ಕೇಳಲಿ ಅಂತಲೇ ಬೇಡ ಅನ್ನುವುದು.”

ಮುದುಕರು ಅವನ ಕೈಯನ್ನೇ ನೋಡುತ್ತ ಕೂತರು. “ಬೇಡ ಅಂದವರನ್ನು ಮತ್ತೆ ಕೇಳುವುದು ನಮ್ಮಲ್ಲಿ ಒರಟುತನ,” ಎಂದರು. “ಬೇಸಿಗೆಯೆಲ್ಲ ಮಾತು ಬಾಯಿತನಕ ಬರುತ್ತಿತ್ತು. ನಿಮಗೆ ಮುಜುಗರವಾಗಬಾರದೆಂದು ಮೂಲಂಗಿಯ ಮಾತಾಡುತ್ತಿದ್ದೆ. ಅದನ್ನು ಕತ್ತರಿಸುವಾಗ ನಾನು ನೋಡಲಿಲ್ಲ, ಹೊರಗೆ ಬಂದು ನಿಂತೆ.”

ಮೋಹನನಿಗೆ ಕಣ್ಣು ತುಂಬಿತು. ಇಬ್ಬರು ಮರ್ಯಾದಸ್ಥರು ಸೇರಿ ಒಂದು ಒಳ್ಳೆಯ ರೈಫಲನ್ನು ಗುಜರಿಗೆ ಹಾಕಿದ್ದರು. ಯಾರನ್ನು ಬೈಯುವುದು?

ನಿಶಿಓಕಾ ಸಾನ್ ಬೆನ್ನು ನೆಟ್ಟಗೆ ಮಾಡಿ, ಮೇ ತಿಂಗಳಲ್ಲಿ ಕೂತಷ್ಟೇ ಶಿಸ್ತಾಗಿ ಕೂತರು.

“ಮೋಹನ್ ಸಾನ್, ನನ್ನ ರೈಫಲನ್ನು ನೀವು ಇಟ್ಟುಕೊಳ್ಳುತ್ತೀರಾ?”

“ಇಟ್ಟುಕೊಳ್ಳುತ್ತೇನೆ,” ಎಂದ ಮೋಹನ, ಅವರು ಪ್ರಶ್ನೆ ಮುಗಿಸುವ ಮೊದಲೇ.

“ಅರಿಗಾತೋ, ಉಪಕಾರವಾಯಿತು,” ಎಂದು ನಿಶಿಓಕಾ ಸಾನ್ ನೆಲಕ್ಕೆ ತಲೆ ತಾಗುವಷ್ಟು ಬಾಗಿದರು. ಆಮೇಲೆ ಎದ್ದು ಹೋಗಿ ಖಾಲಿ ಕಪಾಟಿಗೆ ಎರಡೂ ಬೀಗ ಹಾಕಿದರು.